ಕಂಬಳಿ ಮಾಸ್ತರರ ದೀಪ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡವೆಂದು ಅವರೇನೂ ಹೇಳಿರಲಿಲ್ಲ. ಆದರೆ ಅವರು ಬದುಕಿದ್ದಾಗ ಕಾಲೇಜಿನಲ್ಲಿ ಆ ಹೆಸರಿನಿಂದ ಅವರನ್ನು ಕರೆದವರು ಯಾರೂ ಇರಲಿಲ್ಲ. ಎಲ್ಲರಿಗೂ ಅವರು ‘ಕಂಬಳಿ ಮಾಸ್ತರ’. ನಾನೂ ಹಾಗೆಯೇ ಕರೆದವನು. ಬದುಕಿದ್ದಾಗ ಕೊಡದ ಮರ್ಯಾದೆಯನ್ನು ಸತ್ತ ಮೇಲೆ ಅಚ್ಚಿನಲ್ಲಿ ಕೊಟ್ಟು ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಮರೆವು ಕಡಿಮೆ. ಯಾರು ಯಾವ ಬಾಗಿಲಲ್ಲಿ ನಿಂತು, ಕೈಯಲ್ಲಿ ಏನು ಹಿಡಿದುಕೊಂಡು, ನನ್ನನ್ನು ಏನೆಂದರು ಎಂಬುದು ಇಂದಿಗೂ ನನಗೆ ಅಕ್ಷರ ತಪ್ಪದೆ ನೆನಪಿದೆ. ಇದು ಗುಣವೋ ಅವಗುಣವೋ ನಾನರಿಯೆ. ಆದರೆ ಈ ಮನುಷ್ಯನ ಮೇಲೆ ನಾನು ಇಟ್ಟುಕೊಂಡಿದ್ದ ಸಿಟ್ಟುಗಳ ಪೈಕಿ ಒಂದನ್ನು ನೆನಪಿಟ್ಟುಕೊಂಡದ್ದು ಒಳ್ಳೆಯದಾಯಿತು. ಅದನ್ನು ಮರೆತಿದ್ದರೆ ಅವರು ಯಾರೆಂಬುದು ನನಗೆ ಕಡೆಯವರೆಗೂ ತಿಳಿಯುತ್ತಿರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ವಿಜಯಪುರವನ್ನು ಆಗ ನಾವೆಲ್ಲ ವಿಜಾಪುರ ಎನ್ನುತ್ತಿದ್ದೆವು. ಅಲ್ಲಿಯ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ ನಾನು ಪ್ರಯೋಗಶಾಲೆಯ ಸಹಾಯಕನಾಗಿ ಸೇರಿದೆ. ಅವರು ಅಲ್ಲಿ ಪ್ರಯೋಗ ಮಾಡಿ ತೋರಿಸುವ ಮಾಸ್ತರರು. ಇಟ್ಟಂಗಿಹಾಳದ ಒಕ್ಕಲುತನದ ಮನೆಯ ಹಿರಿಯ ಮಗ, ಮದುವೆಯಾಗಿರಲಿಲ್ಲ. ಕಾಲೇಜಿಗೆ ಬರುವ ಮೊದಲು ಖನಿಜ ಹುಡುಕುವ ತಂಡವೊಂದರ ಜೊತೆ ನಾಲ್ಕು ವರ್ಷ ಗುಡ್ಡಗಳನ್ನು ಅಲೆದಿದ್ದರು. ತಂಡ ಬಿಡಾರ ಎತ್ತಿದಾಗ ಮೇಲಧಿಕಾರಿಯೊಬ್ಬರು ಕೆಟ್ಟುಹೋದ ಒಂದು ದೀಪವನ್ನು ಇವರ ಕೈಗೆ ಹಾಕಿ ಹೋಗಿದ್ದರಂತೆ. ಅದನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಎರಡು ವರ್ಷದಲ್ಲಿ ಅದಕ್ಕೆ ಜೀವ ತಂದಿದ್ದರು.

ಟಿಫಿನ್ ಡಬ್ಬಿಯಷ್ಟು ದೊಡ್ಡ ದೀಪ, ಮುಖಕ್ಕೆ ಕಪ್ಪೆಂದೇ ಹೇಳಬಹುದಾದ ನೇರಳೆ ಗಾಜು. ಅದಕ್ಕೆ ಶಕ್ತಿ ಕೊಡಲು ಒಂದು ಮೋಟಾರಿನ ಬ್ಯಾಟರಿ. ಹೊತ್ತಿಸಿದರೆ ಹೊತ್ತಿದಂತೆಯೇ ಕಾಣುತ್ತಿರಲಿಲ್ಲ. ನೇರಳಾತೀತ ಕಿರಣ ಕಣ್ಣಿಗೆ ಕಾಣುವುದಿಲ್ಲ. ಅದು ಬಿದ್ದ ಕೆಲವು ವಸ್ತುಗಳು ಮಾತ್ರ ಕತ್ತಲಲ್ಲಿ ತಮ್ಮದೇ ಬಣ್ಣದಿಂದ ಹೊಳೆಯತೊಡಗುತ್ತವೆ. ಚೇಳು ಹಸಿರಾಗಿ ಹೊಳೆಯುತ್ತದೆ. ಮುತ್ತು, ಎಲುಬು, ಹಲ್ಲು ತಿಳಿನೀಲಿಯಾಗಿ ಹೊಳೆಯುತ್ತವೆ. ನಮ್ಮ ಎರೆ ಮಣ್ಣಿನಲ್ಲಿ ಸಿಗುವ ಸುಣ್ಣದ ಹರಳು ಕೆಂಡದ ಬೂದಿಯಂತೆ ಮಂದವಾಗಿ ಕಾಣುತ್ತದೆ. ಇದನ್ನೆಲ್ಲ ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು.

ಆ ನೋಟ್‌ಬುಕ್ಕಿನ ಬಗ್ಗೆ ಹೇಳಲೇಬೇಕು. ಪ್ರತಿ ಪುಟದ ಕೆಳಗೆ ಅವರು ಎರಡು ಗೆರೆ ಎಳೆಯುತ್ತಿದ್ದರು. ಒಂದರ ಮುಂದೆ ‘ನೋಡಿದವರು’ ಎಂದೂ ಇನ್ನೊಂದರ ಮುಂದೆ ‘ತಾಳೆ ನೋಡಿದವರು’ ಎಂದೂ ಇರುತ್ತಿತ್ತು. ಮೊದಲ ಗೆರೆಯ ಮೇಲೆ ಅವರ ಸಹಿ, ಎರಡನೆಯದರ ಮೇಲೆ ನನ್ನದು. ಸಹಿಯ ಪಕ್ಕದಲ್ಲಿ ತಾರೀಖು. ಅದು ಬರೆದ ದಿನದ್ದಲ್ಲ, ಕಣ್ಣಾರೆ ಕಂಡ ದಿನದ ತಾರೀಖೇ ಆಗಿರಬೇಕು.

“ಒಬ್ಬಾಂವ ಕಂಡಿದ್ದು ಕನಸೂ ಆಗಿರಬಹುದು ತಮ್ಮಾ,” ಎನ್ನುತ್ತಿದ್ದರು. “ಇಬ್ಬರು ಕಂಡ್ರ ಅದನ್ನ ಬರೀಬೇಕು.”

ಸೇರಿದ ಮೊದಲ ತಿಂಗಳು ನಾನು ಒಂದು ಪುಟದಲ್ಲಿ ‘ಬಹುಶಃ’ ಎಂದು ಬರೆದಿದ್ದೆ. ಹನ್ನೊಂದು ವಿದ್ಯಾರ್ಥಿಗಳ ಎದುರಿಗೆ ಅದನ್ನು ಹೊಡೆದುಹಾಕಿಸಿದರು. “ಬಹುಶಃ ಅನ್ನೂದನ್ನ ಮನ್ಯಾಗ ಇಟ್ಟು ಬಾ,” ಎಂದರು. ಅವರ ಕೈಯಲ್ಲಿ ಆಗ ಒಂದು ಇಕ್ಕಳವಿತ್ತು. ಅವರ ಮೇಲಿನ ನನ್ನ ಮೊದಲ ಸಿಟ್ಟು ಅದು.

ಅವರನ್ನು ನೋಡಿದರೆ ಯಾವಾಗಲೂ ಕತ್ತಲ ಕೋಣೆಯಿಂದ ಈಗಷ್ಟೇ ಬಿಸಿಲಿಗೆ ಬಂದವರಂತೆ ಇರುತ್ತಿದ್ದರು. ಕಣ್ಣು ಕಿರಿದು ಮಾಡಿ, ಹಣೆಗೆ ಅಂಗೈ ಅಡ್ಡ ಹಿಡಿದು ಮಾತಾಡುತ್ತಿದ್ದರು. ದೀಪ ಹೊತ್ತಿಸುವ ಮೊದಲು ಅದರ ಬೆನ್ನು ತಟ್ಟಿ, “ಏನಪಾ, ಏಳ್ತಿಯೋ ಇಲ್ಲೋ?” ಎಂದು ಎತ್ತನ್ನು ಎಬ್ಬಿಸುವ ಹಾಗೆ ಕೇಳುತ್ತಿದ್ದರು. ಮೇಲಿನವರೊಡನೆ ಮಾತಾಡುವಾಗ ಮಾತ್ರ ಅವರ ನಾಲಗೆ ಕಟ್ಟಿದಂತಾಗುತ್ತಿತ್ತು.

ಕಾಲೇಜಿನ ವರ್ಷದ ಸಮಾರಂಭದ ದಿನ ಈ ದೀಪವನ್ನು ಎಲ್ಲರಿಗೂ ತೋರಿಸಬೇಕೆಂದು ಅಪ್ಪಣೆಯಾಯಿತು. ಕಿಟಕಿಗಳಿಗೆ ಕರೇ ಬಟ್ಟೆ ಕಟ್ಟಿದೆವು. ಸೀಸೆಯೊಳಗಿನ ಚೇಳು ಹಸಿರಾಗಿ ಹೊಳೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಹೆಡ್ ಕ್ಲಾರ್ಕ್ ಸಾಹೇಬರು ಮುಂದೆ ಬಂದು, “ನನ್ನ ಹಲ್ಲ ನೋಡ್ರಿ ಹೆಂಗ ಹೊಳೀತಾವು,” ಎಂದು ಬಾಯಿ ಅಗಲಿಸಿ ನಿಂತರು. ಹಲ್ಲುಗಳೆಲ್ಲ ತಿಳಿನೀಲಿಯಾಗಿ ಹೊಳೆದವು. ಮುಂದಿನ ಎರಡು ಮಾತ್ರ ಕಪ್ಪಗೆ, ಬಾಗಿಲು ತೆಗೆದಿಟ್ಟ ಹಾಗೆ ಕಂಡವು. ಕಟ್ಟಿಸಿಕೊಂಡ ಹಲ್ಲುಗಳಿಗೆ ಆ ಹೊಳಪು ಇರುವುದಿಲ್ಲ.

“ಸಾಹೇಬ್ರ, ನಿಮ್ಮ ಎರಡ ಹಲ್ಲ ಎಲ್ಲಿ ಹೋದೂವ್ರೀ?” ಎಂದು ಜವಾನ ಕೂಗಿದ.

ಕತ್ತಲಲ್ಲಿ ಎದ್ದ ಆ ನಗೆಯನ್ನು ಹೆಡ್ ಕ್ಲಾರ್ಕ್ ಯಾವತ್ತೂ ಕ್ಷಮಿಸಲಿಲ್ಲ. ನಗಿಸಿದವನು ಜವಾನ, ಶಿಕ್ಷೆ ಅನುಭವಿಸಿದವರು ಮಾಸ್ತರರು. ದೀಪದ ಬ್ಯಾಟರಿಗೆ ಬೇಕಾದ ಆಮ್ಲಕ್ಕಾಗಿ ಬರೆದ ಅರ್ಜಿ ಅಂದಿನಿಂದ ಆ ಮೇಜನ್ನು ದಾಟಲೇ ಇಲ್ಲ.

ಕಂಬಳಿ ಬಂದದ್ದು ಮಮದಾಪುರದಿಂದ. ಅಲ್ಲಿಯ ಕುರಿ ಕಾಯುವ ಬೀರಪ್ಪನ ಹೆಂಡತಿ ಕೆರೆಯ ಏರಿಯ ಮೇಲೆ ಕಿವಿಯ ಮುತ್ತಿನ ಬುಗುಡಿಯನ್ನು ಕಳೆದುಕೊಂಡಿದ್ದಳು. ಅದು ತವರಿನ ಒಡವೆ. ಆಕೆ ಎರಡು ದಿನದಿಂದ ಊಟ ಬಿಟ್ಟಿದ್ದಳು. ಯಾರೋ ಹೇಳಿದರೆಂದು ಬೀರಪ್ಪ ಕಾಲೇಜಿಗೇ ಬಂದುಬಿಟ್ಟ. ನಾನು ಬ್ಯಾಟರಿ ಹೊತ್ತು ಜೊತೆಗೆ ಹೋದೆ. ಆದರೆ ಮಟಮಟ ಮಧ್ಯಾಹ್ನ. ಬಿಸಿಲಿನಲ್ಲಿ ಈ ದೀಪ ಏನನ್ನೂ ತೋರಿಸದು.

ಮಾಸ್ತರರು ಸುತ್ತ ನೋಡಿದರು. ಬೀರಪ್ಪನ ಹೆಗಲ ಮೇಲಿನ ಕರೇ ಕಂಬಳಿಯನ್ನು ಕೇಳಿ ತೆಗೆದುಕೊಂಡು, ಅವನ ತಮ್ಮನದನ್ನೂ ಅದರ ಮೇಲೆ ಹಾಕಿ, ದೀಪದ ಸಮೇತ ಅದರೊಳಗೆ ನುಸುಳಿ ನೆಲದ ಮೇಲೆ ಬೋರಲು ಬಿದ್ದರು. ಕಂಬಳಿ ಆಮೆಯಂತೆ ಏರಿಯ ಮೇಲೆ ಒಂದೊಂದೇ ಮೊಳ ಸರಿಯತೊಡಗಿತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

“ಏ ಬೀರ್ಯಾ, ನಿನ್ನ ಟಗರ ಹಾದಿ ತಪ್ಪೇತಿ ನೋಡಲೇ!” ಎಂದ ಒಬ್ಬ.

ಒಂದು ತಾಸಿನ ಮೇಲೆ ಕಂಬಳಿಯೊಳಗಿಂದ ಒಂದು ಕೈ ಹೊರಬಂತು. ಬೆರಳ ತುದಿಯಲ್ಲಿ ಬುಗುಡಿ ಇತ್ತು. ಬೀರಪ್ಪ ಎರಡೂ ಕಂಬಳಿಗಳನ್ನು ಮಡಚಿ ಅವರ ಸೈಕಲ್ಲಿಗೆ ಕಟ್ಟಿದ. “ಇಟ್ಕೋರ್ರಿ ಮಾಸ್ತರ. ಹಗಲನ್ನ ಕಂಬಳ್ಯಾಗ ಕಟ್ಟಿ ಒಯ್ಯೋ ಮನಷ್ಯಾನ್ನ ನಾ ಎಲ್ಲೂ ಕಂಡಿಲ್ಲ,” ಎಂದ. ಅಂದಿನಿಂದ ಅವರು ಕಂಬಳಿ ಮಾಸ್ತರರು.

ಇನ್ನು ನನ್ನ ಅಕ್ಕನ ವಿಷಯಕ್ಕೆ ಬರಬೇಕು. ಇದನ್ನು ತಪ್ಪಿಸಿ ಈ ವ್ಯಕ್ತಿಚಿತ್ರ ಬರೆಯಲು ಎರಡು ಬಾರಿ ಪ್ರಯತ್ನಿಸಿದೆ, ಆಗಲಿಲ್ಲ.

ನನ್ನ ಅಕ್ಕ ಶಾಂತಾ ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ಹಟ ಹಿಡಿದು ಓದಿ, ತಿಕೋಟಾದ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಅವ್ವ ಅವಳ ಜೊತೆಗೇ ಇದ್ದಳು. ಅಕ್ಕ ದಿನವೂ ಉಡುತ್ತಿದ್ದುದು ಬಿಳಿ ಸೀರೆ. ಪೇಟೆಯಲ್ಲಿ ಆಗ ಹೊಸದಾಗಿ ಬಂದಿದ್ದ ಬಿಳುಪಿನ ಪುಡಿಯಲ್ಲಿ ಅದ್ದಿ ಒಣಗಿಸಿದ್ದು. ಹೆಗಲಿಗೆ ಕ್ಯಾನ್ವಾಸ್ ಚೀಲ. ಅದರ ಹಿಡಿಕೆ ಹರಿದಾಗ ಅವ್ವ ಕೆಂಪು ದಾರದಿಂದ ಹೊಲಿದುಕೊಟ್ಟಿದ್ದಳು. ಗಾಯಕ್ಕೆ ಹಚ್ಚುವ ಹಳದಿ ಔಷಧಿ ಚೆಲ್ಲಿ ಚೆಲ್ಲಿ ಆ ಚೀಲದ ಒಂದು ಮೂಲೆ ಕಲೆಗಟ್ಟಿತ್ತು. ಹಳ್ಳ ದಾಟುವಾಗ ಚೀಲದ ಹಿಡಿಕೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಎರಡೂ ಕೈ ಬಿಡುವು ಮಾಡಿಕೊಳ್ಳುವುದು ಅವಳ ಪದ್ಧತಿ.

“ಚೀಲಾ ಹೋದ್ರ ಹೋಗಲಿ, ನೀ ಗಟ್ಟಿ ನಿಂದರು,” ಎಂದು ಅವ್ವ ಬೈಯುತ್ತಿದ್ದಳು.

“ಚೀಲದಾಗ ಸರಕಾರದ ಸಾಮಾನ ಅದಾವ ಬೇ. ನನಗ ಏನ್ ನಂಬರ್ ಹಾಕ್ಯಾರೇನು?” ಎಂದು ಅಕ್ಕ ನಗುತ್ತಿದ್ದಳು.

ಅರವತ್ತರ ದಶಕದ ಮೊದಲ ವರ್ಷಗಳು. ಉತ್ತರಿ ಮಳೆಯ ದಿನಗಳು. ತಿಕೋಟಾ ಮತ್ತು ಬಬಲೇಶ್ವರದ ನಡುವೆ, ಹಳ್ಳದ ಆಚೆಯ ಒಂದು ತೋಟದ ಮನೆಗೆ ಅಕ್ಕ ಹೆರಿಗೆ ಮಾಡಿಸಲು ಹೋಗಿದ್ದಳು. ಮಗು ಹುಟ್ಟಿತು, ಬದುಕಿತು. ಇಳಿಹೊತ್ತಿಗೆ ಅವಳು ಒಬ್ಬಳೇ ಹೊರಟಳು. ಅಲ್ಲಿ ಮಳೆ ಇರಲಿಲ್ಲ. ಮೇಲೆಲ್ಲೋ ಬಿದ್ದ ಮಳೆಗೆ ಹಳ್ಳ ತುಂಬಿ ಬಂತು. ಅಕ್ಕ ಮನೆಗೆ ಬರಲಿಲ್ಲ. ಅವಳು ಹಳ್ಳಕ್ಕೆ ಇಳಿದದ್ದನ್ನು ಕಂಡವರು ಯಾರೂ ಇಲ್ಲ.

ಎಂಟು ದಿನ ಹುಡುಕಿದೆವು. ಡೋಣಿ ಹೊಳೆ ಕೂಡುವವರೆಗೂ ಹಳ್ಳದ ಎರಡೂ ದಂಡೆ ತುಳಿದೆವು. ಏನೂ ಸಿಗಲಿಲ್ಲ. ಅದೇ ವಾರ ಮಲೇರಿಯಾ ಔಷಧಿ ಹೊಡೆಸುತ್ತಿದ್ದ ಮೇಲ್ವಿಚಾರಕನೊಬ್ಬ ವರ್ಗವಾಗಿ ಊರು ಬಿಟ್ಟಿದ್ದ. ಮಂದಿಗೆ ಅಷ್ಟು ಸಾಕಾಯಿತು. ಪೊಲೀಸ್ ಠಾಣೆಯಲ್ಲಿ ಫೌಜದಾರ ಚಹಾದ ಬಸಿ ಊದುತ್ತ ನನಗೆ ಹೇಳಿದ: “ಹೆಣಾ ಇದ್ರ ತೇಲತಿತ್ತು. ಹರೇದ ಹೆಣ್ಮಗಳು, ಗಂಡಿಲ್ಲ. ತಿಳ್ಕೋಬೇಕಪಾ ನೀನ.” ಅಕ್ಕನ ಖಾತೆಯವರು ‘ಅಪ್ಪಣೆಯಿಲ್ಲದೆ ಗೈರುಹಾಜರಿ’ ಎಂಬ ಕಾಗದವನ್ನು ಅವ್ವನಿದ್ದ ಮನೆಯ ಬಾಗಿಲಿಗೆ ಅಂಟಿಸಿ ಹೋದರು. ಕಾಲೇಜಿನಲ್ಲಿ ಹೆಡ್ ಕ್ಲಾರ್ಕ್ ಎಲೆಗೆ ಸುಣ್ಣ ಸವರುತ್ತ, ನನಗೆ ಕೇಳಿಸುವಂತೆ, “ನರ್ಸಬಾಯಿ ಎಲ್ಲಿಗೆ ಡ್ಯೂಟಿಗೆ ಹೋಗ್ಯಾಳೋ!” ಎಂದ. ಅವನ ಅಂಗಿಯ ಎರಡನೆಯ ಗುಂಡಿ ಬಿಚ್ಚಿತ್ತು.

ಆ ದಿನವೇ ನಾನು ಮಾಸ್ತರರ ಎದುರು ನಿಂತೆ. ಪೂರ್ತಿ ಹೇಳುವ ಮೊದಲೇ ಅವರು ಕಂಬಳಿ ಮಡಚತೊಡಗಿದ್ದರು.

ಮರುದಿನ ಹಳ್ಳಕ್ಕೆ ಹೋದೆವು. ಅವ್ವನೂ ಬಂದಿದ್ದಳು. ಅಕ್ಕನ ಚೀಲದ ಹಳದಿ ಔಷಧಿಯ ಬಗ್ಗೆ ಕೇಳಿದಾಗ ಮಾಸ್ತರರ ಮುಖ ಅರಳಿತು. “ಅದು ಭಾಳ ಛಲೋ ಹೊಳೀತೈತಿ ತಮ್ಮಾ. ಕೆಸರಾಗ ಹುಗದಿದ್ರೂ ಒಂದ್ ಎಳಿ ಕಂಡ್ರ ಸಾಕು,” ಎಂದು ಕಂಬಳಿಯೊಳಗೆ ನುಸುಳಿದರು. ಮೂರು ನಿಮಿಷವೂ ಆಗಿರಲಿಲ್ಲ; ಹೊರಗೆ ಬಂದರು. ಬೆರಳುಗಳನ್ನು ಕಣ್ಣ ಹತ್ತಿರ ಹಿಡಿದು ನೋಡಿಕೊಂಡರು. ಬೆರಳೆಲ್ಲ ಹಳದಿಯಾಗಿತ್ತು.

“ಇಲ್ಲಿ ಭಂಡಾರ ಯಾರು ಚೆಲ್ಲಿದ್ರಿ?” ಎಂದು ಕೇಳಿದರು.

ಅವ್ವ ಹರಕೆ ಹೊತ್ತಿದ್ದಳು. ಬೀರದೇವರ ಗುಡಿಯಿಂದ ಎರಡು ಚೀಲ ಭಂಡಾರ ತರಿಸಿ, ಆ ಅರಿಶಿನದ ಪುಡಿಯನ್ನು ಎರಡು ದಿನ ಮೊದಲು ಹಳ್ಳದ ದಂಡೆಯುದ್ದಕ್ಕೂ ಎರಚಿದ್ದಳು. ಚೀಲ ಹೊತ್ತು ಅವಳ ಹಿಂದೆ ನಡೆದವನು ನಾನೇ. ದೀಪದಲ್ಲಿ ಅರಿಶಿನವೂ ಹೊಳೆಯುತ್ತದೆಂದು ಪ್ರಯೋಗಶಾಲೆಯಲ್ಲಿ ಬರೆದು ಸಹಿ ಮಾಡಿದವನೂ ನಾನೇ. ಅವ್ವನ ಅಳುವಿನ ಎದುರು ಅದು ನನ್ನ ತಲೆಗೆ ಬರಲೇ ಇಲ್ಲ. ಈಗ ಕಂಬಳಿಯ ಕೆಳಗೆ ಇಡೀ ದಂಡೆ ಹೊಳೆಯುತ್ತಿತ್ತು. ಒಂದು ಕಲೆಯನ್ನು ಅದರಲ್ಲಿ ಹುಡುಕುವುದು ಸಾಧ್ಯವಿರಲಿಲ್ಲ.

“ನಾನ್ರಿ ಯಪ್ಪಾ ಚೆಲ್ಲಿದಾಕಿ,” ಎಂದಳು ಅವ್ವ. “ಅಕಿಗಿ ಹಾದಿ ಕಾಣಲಿ ಅಂತ.”

ನಾನು ಅವರ ಮುಖ ನೋಡದೆ ನಿಂತಿದ್ದೆ. ‘ಬಹುಶಃ’ ಎಂಬ ಒಂದು ಶಬ್ದಕ್ಕೆ ನನ್ನ ಮಾನ ಕಳೆದವರು ಈಗ ಬಿಡುವುದಿಲ್ಲ ಎಂದುಕೊಂಡೆ. ಅವರು ಕೈಯನ್ನು ಅಂಗಿಗೆ ಒರೆಸಿಕೊಂಡು, “ಕಂಡೈತ್ರಿ ಯವ್ವಾ. ಭಾಳ ಕಂಡೈತಿ,” ಎಂದಷ್ಟೇ ಹೇಳಿ ದೀಪ ಆರಿಸಿದರು.

ಮುಂದಿನ ಮಳೆಗಳು ಬಂದು ಭಂಡಾರವನ್ನು ತೊಳೆದುಕೊಂಡು ಹೋಗುವವರೆಗೆ ಕಾದೆವು. ಆ ನಡುವೆ ಒಂದು ದಿನ ಅವರು ಮನೆಗೆ ಬಂದು ಅಕ್ಕನ ಔಷಧಿ ಹತ್ತಿದ ಒಂದು ಬಟ್ಟೆಯ ತುಂಡನ್ನೂ ಚಿಟಿಕೆ ಭಂಡಾರವನ್ನೂ ಕೇಳಿ ಒಯ್ದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ವಾರಗಟ್ಟಲೆ ನೋಡಿದರು. ಅರಿಶಿನದ್ದು ಬರಿ ಹಳದಿ. ಔಷಧಿಯದು ಎಳೆ ಕಡಲೆ ಗಿಡದ ಹಸಿರು ಬೆರೆತ ಹಳದಿ. ಆ ಪುಟಕ್ಕೂ ಇಬ್ಬರೂ ಸಹಿ ಮಾಡಿದೆವು.

ದೀಪಾವಳಿ ಮುಗಿದ ಮೇಲೆ ಪ್ರತಿ ರವಿವಾರ ಹೋಗತೊಡಗಿದೆವು. ದಂಡೆಗೆ ದಾರ ಕಟ್ಟಿ ಕಂಬಳಿಯ ಅಳತೆಯ ಚೌಕಗಳನ್ನು ಮಾಡಿದೆವು. ಒಂದು ಚೌಕ, ಒಂದು ಸಾಲು ಬರಹ, ಪುಟ ತುಂಬಿದರೆ ಎರಡು ಸಹಿ. ‘ಚೇಳು ಎರಡು.’ ‘ಸುಣ್ಣದ ಹರಳು.’ ‘ಕುರಿಯ ಎಲುಬು.’ ‘ಏನೂ ಇಲ್ಲ.’ ಬ್ಯಾಟರಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ವಿಜಾಪುರದಿಂದ ಹೋಗಿ ಬರುವುದು. ದಾರಿಯಲ್ಲಿ ಕಂಡವರೆಲ್ಲ, “ಸಿಕ್ಕಳೇನ್ರೀ?” ಎಂದು ಕೇಳಿ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಮಾಸ್ತರರಿಗೆ ಇದರಲ್ಲಿ ಕೂಲಿಯಿಲ್ಲ, ಸಂಬಂಧವಿಲ್ಲ. ಕೈಗೆ ಎರಡು ಬಾರಿ ಚೇಳು ಹೊಡೆಯಿತು. ಊದಿದ ಬೆರಳನ್ನು ತೋರಿಸಿ, “ಹೊಳಿಯೂದನ್ನ ಕಂಡೂ ಮುಟ್ಟಿದ್ನಿ, ನನ್ನ ಶಾಣ್ಯಾತನಾ ನೋಡು,” ಎಂದು ತಾವೇ ನಕ್ಕರು.

ನನಗೆ ಬೇಕಾಗಿದ್ದುದು ಒಂದೇ: ಸಾಕ್ಷಿ. ಅಕ್ಕ ಓಡಿಹೋದವಳಲ್ಲ ಎಂಬುದನ್ನು ಆ ಫೌಜದಾರನ ಚಹಾದ ಬಸಿಯ ಪಕ್ಕದಲ್ಲಿ, ಆ ಹೆಡ್ ಕ್ಲಾರ್ಕಿನ ಎಲೆಯಡಿಕೆ ತಟ್ಟೆಯ ಪಕ್ಕದಲ್ಲಿ ಇಡಬೇಕು. ದಿನವೂ ಮಲಗುವಾಗ ನಾನು ಮನಸ್ಸಿನಲ್ಲೇ ಅದನ್ನು ಇಡುತ್ತಿದ್ದೆ. ಈ ಮಾತನ್ನು ಮಾಸ್ತರರಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಅವರು ಕೇಳಿಸಿಕೊಳ್ಳುತ್ತ ಮುಂದಿನ ಚೌಕಕ್ಕೆ ದಾರ ಕಟ್ಟುತ್ತಿದ್ದರು.

ಸಂಕ್ರಾಂತಿಯ ಮುಂದಿನ ರವಿವಾರ. ಅವ್ವ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಹಳ್ಳಕ್ಕೆ ಬಂದಿದ್ದಳು. ದಂಡೆ ಕೊರೆದು ಬೇರು ಹೊರಬಿದ್ದ ಒಂದು ಜಾಲಿಗಿಡದ ಬುಡದಲ್ಲಿ ಮಾಸ್ತರರು ಕಂಬಳಿ ಹೊದ್ದಿದ್ದರು. ನಾನು ಇಪ್ಪತ್ತು ಹೆಜ್ಜೆ ಆಚೆ ದಾರದ ತುದಿ ಹಿಡಿದಿದ್ದೆ. ಅವ್ವ ಕಂಬಳಿಯ ಪಕ್ಕದಲ್ಲಿ ಕೂತು ಅದರ ಜೊತೆ ಮಾತಾಡತೊಡಗಿದಳು. ಎದುರಿನವರ ಮುಖ ಕಾಣದಿದ್ದರೆ ಕೆಲವು ಮಾತು ಸುಲಭವಾಗುತ್ತದೆಯೋ ಏನೋ.

“ಮಾಸ್ತರ, ಒಂದ್ ಮಾತ ಹೇಳ್ತೇನ್ರಿ, ನನ್ನ ಮಗಗ ಹೇಳಬ್ಯಾಡ್ರಿ. ಮಂದಿ ಅಕಿ ಓಡಿ ಹೋಗ್ಯಾಳ ಅಂತಾರ. ಅನ್ನಲಿ ಬಿಡ್ರಿ. ಓಡಿ ಹೋಗಿದ್ರ ಎಲ್ಯರ ಉಂಡಿರ್ತಾಳ, ಎಲ್ಯರ ಮಲಗಿರ್ತಾಳ. ಒಂದಿಲ್ಲ ಒಂದಿನ ಸಿಟ್ಟ ಇಳದ ಮ್ಯಾಲೆ ಬರ್ತಾಳ. ನಾ ದಿನಾ ದೇವರಿಗೆ ಕೈ ಮುಗೀತೇನ್ರಿ, ಮಾಸ್ತರಗ ಇವತ್ತೂ ಏನೂ ಸಿಗಬಾರದಪಾ ಅಂತ.”

ಗಾಳಿ ನನ್ನ ಕಡೆಗಿತ್ತು, ಎಲ್ಲ ಕೇಳಿಸಿತು. ಹೆತ್ತವಳೇ ಮಗಳ ಮೇಲಿನ ಅಪವಾದವನ್ನು ಬಯಸುವುದೇ ಎಂದು ನನ್ನ ಮೈಯೆಲ್ಲ ಉರಿಯಿತು. ಕಂಬಳಿ ಅಲುಗಾಡಲಿಲ್ಲ. ತುಂಬಾ ಹೊತ್ತು ಅಲುಗಾಡಲಿಲ್ಲ. ರೊಟ್ಟಿ ಆರುತ್ತದೆಂದು ಅವ್ವನೇ ಕೂಗಿದಳು: “ಏನರ ಸಿಕ್ತೇನ್ರಿ?”

ಅವರು ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು. ಹಣೆಗೆ ಅಂಗೈ ಅಡ್ಡ ಹಿಡಿದು ಅವ್ವನನ್ನು ನೋಡಿದರು.

“ಇಲ್ಲ ಯವ್ವಾ. ಬರೇ ಚೇಳು.”

ಅವ್ವ ನಕ್ಕಳು. ಅಕ್ಕ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ನೊಂದು ರೊಟ್ಟಿ ಹೆಚ್ಚಿಗೆ ಬಡಿಸಿದಳು. ಮಾಸ್ತರರು ಯಾವಾಗಲೂ ಕಂಬಳಿಯನ್ನು ಝಾಡಿಸಿ ಬಿಸಿಲಿಗೆ ಹರವುವವರು. ಅಂದು ಮಡಚಿ ಅದರ ಮೇಲೇ ಕೂತು ಉಂಡರು. ಊಟದ ನಂತರ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಡಲಿಲ್ಲ, ಸಹಿ ಕೇಳಲಿಲ್ಲ. ನಾನು ಕೈ ಚಾಚಿದ್ದೆ. ಅವರು ಅದನ್ನು ಕಂಡೂ ನೋಟ್‌ಬುಕ್ಕನ್ನು ಜೇಬಿಗಿಳಿಸಿದರು.

ದಾರಿಯಲ್ಲಿ, “ಇನ್ನ ಸಾಕು ತಮ್ಮಾ. ಇಲ್ಲೇನೂ ಸಿಗಂಗಿಲ್ಲ,” ಎಂದರು.

“ಇನ್ನ ಅರ್ಧಾ ದಂಡಿ ಉಳದೈತ್ರಿ,” ಎಂದೆ.

“ಸಾಕು.”

ಆಗ ನಾನು ಅಂದ ಮಾತನ್ನು ಇಲ್ಲಿ ಬರೆಯಲೇಬೇಕು. ಬೇರೆಯವರು ಅಂದದ್ದನ್ನೆಲ್ಲ ಬರೆದಿದ್ದೇನಲ್ಲ. “ನಿಮ್ಮ ದೀಪ ಮಂದಿ ಹಲ್ಲ ತೋರ್ಸಾಕ ಅಷ್ಟ ಲಾಯಕ್ಕ್ರಿ,” ಎಂದೆ. ಅವರು ಸೈಕಲ್ಲಿನಿಂದ ಇಳಿದರು. ಸ್ವಲ್ಪ ದೂರ ತಳ್ಳಿಕೊಂಡೇ ನಡೆದರು. ನಾನು ನಿಲ್ಲದೆ ಮುಂದೆ ಹೋದೆ.

ಮುಂದಿನ ಐದು ವರ್ಷ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಬೇಕಾದ ಮಾತಿನ ಹೊರತು ಅವರೊಡನೆ ಒಂದು ಶಬ್ದ ಆಡಲಿಲ್ಲ. ಹೆಡ್ ಕ್ಲಾರ್ಕ್ ಅವರನ್ನು ಗೇಲಿ ಮಾಡಿದಾಗ ನಾನು ನಕ್ಕದ್ದೂ ಉಂಟು. ಅಕ್ಕನ ಸುದ್ದಿಯ ಕಾರಣಕ್ಕೆ ನಿಡೋಣಿಯಿಂದ ಬಂದಿದ್ದ ನನ್ನ ಮದುವೆಯ ಮಾತು ಮುರಿಯಿತು. ಅದನ್ನೂ ಅವರ ತಲೆಗೇ ಕಟ್ಟಿದೆ. ಉಳಿದ ಅರ್ಧ ದಂಡೆಯನ್ನು ನೋಡಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ನನ್ನ ಲೆಕ್ಕ. ಅವ್ವ ಮಾತ್ರ ಆ ಐದು ವರ್ಷವೂ ಸಂಜೆಯಾದರೆ ಒಂದು ರೊಟ್ಟಿ ಹೆಚ್ಚಿಗೆ ಬಡಿದು ಮುಚ್ಚಿಟ್ಟಳು. ಬೆಳಿಗ್ಗೆ ಅದನ್ನು ತಾನೇ ಹಾಲಿನಲ್ಲಿ ಮುರಿದುಕೊಂಡು ತಿನ್ನುತ್ತಿದ್ದಳು. ಸಾಯುವ ಹಿಂದಿನ ದಿನ, “ಅಕಿ ಬಂದ್ರ ಬೈಬ್ಯಾಡೋ,” ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಅವ್ವನನ್ನು ಮಣ್ಣು ಮಾಡುವಾಗ ಮಾಸ್ತರರು ಬಂದಿದ್ದರು. ಎಲ್ಲರ ಹಿಂದೆ ನಿಂತಿದ್ದರು. ಮೂರನೆಯ ದಿನ ಮನೆಯ ಮುಂದೆ ಸೈಕಲ್ ನಿಲ್ಲಿಸಿ, “ತಮ್ಮಾ, ಒಂದ್ ಮಾತ ಹೇಳೂದೈತಿ,” ಎಂದರು. ಸೈಕಲ್ಲಿನ ಹಿಂದೆ ಕಂಬಳಿಯಲ್ಲಿ ಸುತ್ತಿದ ಗಂಟೊಂದಿತ್ತು.

“ಹೇಳೂದೆಲ್ಲಾ ಹಳ್ಳದಾಗ ಹೇಳೀರಲ್ಲ, ಸಾಕು,” ಎಂದು ನಾನು ಬಾಗಿಲು ಹಾಕಿದೆ. ಅವರು ಎಷ್ಟು ಹೊತ್ತು ನಿಂತಿದ್ದರೋ ತಿಳಿಯದು. ಸೈಕಲ್ಲಿನ ಸ್ಟ್ಯಾಂಡ್ ತೆಗೆದ ಸದ್ದು ಮಾತ್ರ ಬಹಳ ಹೊತ್ತಿನ ಮೇಲೆ ಕೇಳಿಸಿತು.

ಅದೇ ಬೇಸಿಗೆಯಲ್ಲಿ ಅವರು ಇಟ್ಟಂಗಿಹಾಳದ ತಮ್ಮ ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದರಂತೆ. ದವಾಖಾನೆಗೆ ತರುವ ಮೊದಲೇ ಜೀವ ಹೋಗಿತ್ತು. ನಾನು ಮಣ್ಣಿಗೆ ಹೋಗಲಿಲ್ಲ. ಹದಿನೈದು ದಿನದ ಮೇಲೆ ಅವರ ತಮ್ಮ ಚಕ್ಕಡಿಯಲ್ಲಿ ಒಂದು ಟ್ರಂಕು ಹಾಕಿಕೊಂಡು ನನ್ನ ಮನೆಗೆ ಬಂದ. “ಅಣ್ಣ ಇದರ ಮ್ಯಾಲೆ ನಿಮ್ಮ ಹೆಸರ ಬರದಾನ್ರಿ,” ಎಂದ. ಒಳಗೆ ದೀಪ, ಬ್ಯಾಟರಿ, ನೋಟ್‌ಬುಕ್ಕು, ಕಂಬಳಿಯ ಗಂಟು.

ನೋಟ್‌ಬುಕ್ಕನ್ನು ತೆಗೆದೆ. ನನಗೆ ಮರೆವಿಲ್ಲವೆಂದು ಹೇಳಿದೆನಲ್ಲ. ಸಹಿ ಕೇಳದ ಆ ರವಿವಾರದ ಪುಟವನ್ನು ಹುಡುಕಲು ನನಗೆ ಹೊತ್ತು ಹಿಡಿಯಲಿಲ್ಲ. ಆ ಪುಟದಲ್ಲಿ ಒಂದೇ ಚೌಕದ ವಿವರವಿತ್ತು. ಜಾಲಿಗಿಡದಿಂದ ಎಷ್ಟು ಮೊಳ, ನೆಲದಿಂದ ಎಷ್ಟು ಗೇಣು ಆಳ, ಎಲ್ಲವೂ ಅವರ ದುಂಡನೆಯ ಅಕ್ಷರದಲ್ಲಿ. ಕಂಡದ್ದೇನು ಎಂಬಲ್ಲಿ: ‘ಬೇರಿನ ಪೊಟರೆಯಲ್ಲಿ ಕ್ಯಾನ್ವಾಸ್ ಚೀಲ. ಮೂಲೆಯಲ್ಲಿ ಔಷಧಿಯ ಕಲೆ. ಹಿಡಿಕೆಗೆ ಕೆಂಪು ದಾರದ ಹೊಲಿಗೆ. ಹಿಡಿಕೆಗೆ ಗಂಟು ಹಾಕಿದ ಬಿಳಿ ಸೀರೆಯ ಸೆರಗು, ಹರಿದದ್ದು. ಚೇಳಲ್ಲ.’

ಬಾಯಲ್ಲಿ ಆಡಿದ ಸುಳ್ಳನ್ನು ಅವರು ನೋಟ್‌ಬುಕ್ಕಿನಲ್ಲಿ ಉಳಿಯಗೊಡಲಿಲ್ಲ. ‘ನೋಡಿದವರು’ ಎಂಬಲ್ಲಿ ಅವರ ಸಹಿ, ತಾರೀಖು. ‘ತಾಳೆ ನೋಡಿದವರು’ ಎಂಬ ಗೆರೆ ಖಾಲಿ ಇತ್ತು. ಅದನ್ನು ಅಡ್ಡಗೆರೆ ಎಳೆದು ಮುಚ್ಚಿರಲಿಲ್ಲ.

ಬ್ಯಾಟರಿಯಲ್ಲಿ ಜೀವವಿತ್ತು, ಸಾಯುವ ವಾರದವರೆಗೂ ಅದನ್ನು ನೋಡಿಕೊಂಡಿದ್ದರೆಂದು ಕಾಣುತ್ತದೆ. ಮಧ್ಯಾಹ್ನ. ಹಿತ್ತಲಲ್ಲಿ ನೆಲದ ಮೇಲೆ ಗಂಟು ಬಿಚ್ಚಿ, ಎರಡೂ ಕಂಬಳಿ ಹೊದ್ದು, ದೀಪ ಹೊತ್ತಿಸಿದೆ. ಎಳೆ ಕಡಲೆ ಗಿಡದ ಹಸಿರು ಬೆರೆತ ಹಳದಿ ಕಲೆ ಮೊದಲು ಎದ್ದಿತು. ಅದರ ಪಕ್ಕದಲ್ಲಿ, ಹಿಡಿಕೆಗೆ ಬಿಗಿದ ಗಂಟು ಆ ಬಿಳುಪಿನ ಪುಡಿಯಿಂದ ನೀಲಿ ಬಿಳುಪಾಗಿ ಹೊಳೆಯಿತು. ಅಕ್ಕ ಹಾಕಿದ ಗಂಟು. ಐದು ವರ್ಷದಲ್ಲಿ ಅವರು ಅದನ್ನು ಬಿಚ್ಚಿರಲಿಲ್ಲ.

ಅಂದು ಕಂಬಳಿ ಯಾಕೆ ಅಷ್ಟು ಹೊತ್ತು ಅಲುಗಾಡಲಿಲ್ಲವೆಂದು ಆಗ ತಿಳಿಯಿತು. ಒಳಗೆ ಈ ಗಂಟು ಹೊಳೆಯುತ್ತಿದ್ದಾಗ, ಹೊರಗೆ ಒಂದು ಮಾರು ದೂರದಲ್ಲಿ ಅವ್ವ ಕೂತು, ಏನೂ ಸಿಗದಿರಲಿ ಎಂದು ಹೇಳುತ್ತಿದ್ದಳು. ನನಗೆ ಗುಟ್ಟಾಗಿ ತಿಳಿಸಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಸಂಜೆಯೊಳಗೆ ಆ ಚೀಲ ಫೌಜದಾರನ ಮೇಜಿನ ಮೇಲೆ ಇರುತ್ತಿತ್ತು. ಅದು ಅವರಿಗೆ ಗೊತ್ತಿತ್ತು.

“ಸರ್,” ಎಂದ ಅವರ ತಮ್ಮ ಹೊರಗಿನಿಂದ. “ನಮ್ಮೂರಾಗ ಎಲ್ಲಾರೂ ನಗತಿದ್ರ್ರಿ. ಕಂಬಳ್ಯಾಗ ಬಿದ್ದು ಬಿದ್ದು ಜನ್ಮಾ ಕಳದಾ ಅಂತ. ಕಡೀಗರ ಏನರ ಸಿಕ್ಕಿತ್ತೇನ್ರಿ ನಮ್ಮಣ್ಣಗ?”

“ಸಿಕ್ಕಿತ್ತಪಾ,” ಎಂದೆ. “ನಾಕ ತಿಂಗಳದಾಗ ಸಿಕ್ಕಿತ್ತು.”

“ಮತ್ತ ಯಾರಿಗೂ ಹೇಳಲಿಲ್ಲಲ್ರಿ?”

“ಹೇಳಾಕ ಬಂದಿದ್ರು. ನಾ ಬಾಗಲಾ ಹಾಕಿದ್ನಿ.”

ಅವನು ಚಕ್ಕಡಿಯ ಕಡೆಗೆ ನಡೆದ. ನಾನು ಬಹಳ ಹೊತ್ತು ಕಂಬಳಿಯಿಂದ ಹೊರಗೆ ಬರಲಿಲ್ಲ.

ಆ ಚೀಲ ಮತ್ತು ಆ ಪುಟವನ್ನು ಹಿಡಿದು ಕಚೇರಿಗಳಿಗೆ ಅಲೆದೆ. ಫೌಜದಾರ ಎಂದೋ ವರ್ಗವಾಗಿದ್ದ. ಹೆಡ್ ಕ್ಲಾರ್ಕ್ ನಿವೃತ್ತನಾಗಿದ್ದ. ಇಡಲು ನನಗೆ ಮೇಜೇ ಉಳಿದಿರಲಿಲ್ಲ. ಕೊನೆಗೊಮ್ಮೆ ಎರಡು ಸಾಲಿನ ಕಾಗದ ಬಂತು. ‘ಗೈರುಹಾಜರಿ’ ಎಂಬುದನ್ನು ತೆಗೆದು ‘ಕರ್ತವ್ಯದಲ್ಲಿದ್ದಾಗ ಮರಣ’ ಎಂದು ತಿದ್ದಿದ್ದರು. ಅದು ಅವ್ವ ಇದ್ದಾಗ ಬಂದಿದ್ದರೆ ಅವಳ ಐದು ವರ್ಷದ ರೊಟ್ಟಿ ಅಂದೇ ನಿಲ್ಲುತ್ತಿತ್ತು.

ಅವರು ಮಾಡಿದ್ದು ಸರಿಯೆಂದು ನಾನು ಇಂದಿಗೂ ಪೂರ್ತಿ ಒಪ್ಪಿಲ್ಲ. ನನ್ನ ಅಕ್ಕನ ಹೆಸರು ಐದು ವರ್ಷ ಮಂದಿಯ ಬಾಯಲ್ಲಿ ಹೊರಳಿತು. ಅದನ್ನು ತಡೆಯುವ ಸಾಕ್ಷಿ ಇಟ್ಟಂಗಿಹಾಳದ ಒಂದು ಟ್ರಂಕಿನಲ್ಲಿ ಇತ್ತು. ಆದರೆ ಅದೇ ಐದು ವರ್ಷ ಅವರು ನನ್ನ ಪಕ್ಕದ ಮೇಜಿನಲ್ಲಿ ಕೂತು ನನ್ನ ನಗೆಯನ್ನು ಕೇಳಿಸಿಕೊಂಡರು. ಒಂದು ಮಾತು ಆಡಿದ್ದರೆ ನಾನು ಅವರ ಕಾಲು ಹಿಡಿಯುತ್ತಿದ್ದೆ. ಆ ಮಾತನ್ನು ಅವ್ವನಿಗಾಗಿ ನುಂಗಿಕೊಂಡರು.

ಕಂಬಳಿಯಿಂದ ಹೊರಬಂದ ದಿನವೇ ನಾನು ಆ ಖಾಲಿ ಗೆರೆಯ ಮೇಲೆ ಸಹಿ ಮಾಡಿದೆ. ಪಕ್ಕದಲ್ಲಿ ತಾರೀಖು ಹಾಕಬೇಕು. ಕಣ್ಣಾರೆ ಕಂಡ ದಿನದ್ದೇ ಆಗಿರಬೇಕೆಂಬುದು ಅವರ ನಿಯಮ. ಅಂದಿನ ತಾರೀಖು ಹಾಕೋಣವೆಂದರೆ, ಅವರು ಅಷ್ಟು ವರ್ಷ ಒಬ್ಬರೇ ನೋಡುತ್ತಿದ್ದರೆಂದು ನಾನೇ ಬರೆದುಕೊಟ್ಟಂತಾಗುತ್ತದೆ. ಆ ಸಂಕ್ರಾಂತಿಯ ಮುಂದಿನ ರವಿವಾರದ್ದು ಹಾಕೋಣವೆಂದರೆ, ಅಂದು ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ, ಏನೂ ಕಂಡಿರಲಿಲ್ಲ.

ಪೆನ್ನು ಹಿಡಿದು ಕೂತೆ. ಆ ಜಾಗ ಇಂದಿಗೂ ಖಾಲಿ ಇದೆ.